ಉಜ್ಜದೆ ಬಂದ ಬಣ್ಣ

ಹೊಳೆಯುವ ವಸ್ತುಗಳ ಬಗ್ಗೆ ಹಿರಿಯರು ಹೇಳಿಟ್ಟ ಮಾತನ್ನು ಇಲ್ಲಿ ಎತ್ತುವುದು ಬೇಡ. ಅವರಿಗೆ ಚಿನ್ನ ಗೊತ್ತಿತ್ತು, ಹಿತ್ತಾಳೆ ಗೊತ್ತಿತ್ತು. ಸಮೇರಿಯಂ ಸಲ್ಫೈಡ್ ಗೊತ್ತಿರಲಿಲ್ಲ. ಗೊತ್ತಿದ್ದರೆ ಅಷ್ಟು ಧೈರ್ಯವಾಗಿ ಹೇಳಿ ಕೈತೊಳೆದುಕೊಳ್ಳುತ್ತಿರಲಿಲ್ಲ. ಈಗ ಹೇಳಹೊರಟಿರುವುದು ನಡೆದ ಸಂಗತಿ. ಒಗ್ಗರಣೆ ಹಾಕಿಲ್ಲ. ಇದರಲ್ಲಿ ಸಿಡಿದದ್ದು ಹರಳೇ ಹೊರತು ಸಾಸಿವೆಯಲ್ಲ.

ಒಂದು ಸಂಶೋಧನಾಲಯ. ಅದರ ನೆಲಮಹಡಿಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ, ಕೋಣೆಯಲ್ಲೊಂದು ಕುಲುಮೆ. ಕುಲುಮೆಯ ಮುಂದೆ ಸ್ಟೂಲು ಎಳೆದುಕೊಂಡು ಕೂರುತ್ತಿದ್ದ ಸಂಶೋಧಕಿಯನ್ನು ಎಲ್ಲರೂ ಕೆಂಡ ಎಂದೇ ಕರೆಯುತ್ತಿದ್ದರು. ಬೆಂಕಿಯ ಪಕ್ಕದಲ್ಲೇ ಬದುಕುವವಳು ಎಂಬುದು ಆ ಹೆಸರಿಗೆ ಅರ್ಧ ಕಾರಣ. ಉಳಿದರ್ಧ ಕಾರಣ ಯಾರಿಗಾದರೂ ಬೇಕಿದ್ದರೆ, ಅವಳ ತಕ್ಕಡಿಯನ್ನು ಅವಳನ್ನು ಕೇಳದೆ ಒಮ್ಮೆ ಮುಟ್ಟಿ ನೋಡಿದರೆ ಸಾಕಾಗಿತ್ತು.

ಅವಳ ಕೆಲಸವೇನೆಂದು ಅತ್ತೆಯೂ ಒಂದು ದಿನ ಕೇಳಿದ್ದರು. ಅತ್ತೆ ನಿವೃತ್ತ ಪಿ.ಟಿ. ಟೀಚರು. ಮನೆಯೊಳಗೆ ಉಪ್ಪು ಕೇಳುವಾಗಲೂ ಮೈದಾನದ ಆ ತುದಿಯಲ್ಲಿರುವವರಿಗೆ ಕೇಳಿಸುವ ಹಾಗೆ ಕೇಳುವವರು.

"ಅದೇನೇ ಅದು, ದಿನಾ ಸುಟ್ಟ ವಾಸನೆ ಹೊತ್ಕೊಂಡು ಬರ್ತೀಯಲ್ಲ? ನನಗೂ ಅರ್ಥ ಆಗೋ ಹಾಗೆ ಹೇಳು ನೋಡೋಣ."

"ನಾನು ಬೆಳೆಸೋ ಹರಳು ಒಂದು ಬಸ್ಸು ಅಂದ್ಕೊಳ್ಳಿ ಅತ್ತೆ," ಎಂದಿದ್ದಳು ಕೆಂಡ. "ಉದ್ದ ಸೀಟು. ಸಾಲಾಗಿ ಕೂತಿರೋರೆಲ್ಲ ಸಮೇರಿಯಮ್ಮಂದಿರು."

"ಅವರೂ ಅಮ್ಮಂದಿರೇ?"

"ಹೂಂ. ಒಬ್ಬೊಬ್ಬರ ತೊಡೆ ಮೇಲೂ ಒಂದೊಂದು ಚೀಲ. ಅದು ಎಲೆಕ್ಟ್ರಾನು. ಚೀಲ ತಬ್ಬಿಕೊಂಡು ಕೂತಿರೋದ್ರಿಂದ ದಪ್ಪ. ಆಗ ಹರಳು ಕಪ್ಪು ಬಣ್ಣ. ಈಗ ನಾನೇನ್ಮಾಡ್ತೀನಿ, ನಡುನಡುವೆ ಒಬ್ಬೊಬ್ಬರನ್ನ ಎಬ್ಬಿಸಿ ಆ ಜಾಗಕ್ಕೆ ಗ್ಯಾಡೊಲಿನಿಯಂ ಅನ್ನೋ ಇನ್ನೊಂದು ಲೋಹ ಕೂರಿಸ್ತೀನಿ. ಅದು ತೆಳ್ಳಗಿನ ಜನ, ಹತ್ತುವಾಗಲೇ ಚೀಲ ಮೇಲಿನ ಹಲಗೆಯಲ್ಲಿಟ್ಟು ಬರೋರು. ತೆಳ್ಳಗಿನವರು ಹೆಚ್ಚಾದ ಹಾಗೆ ಕಂಡಕ್ಟರ್ ಬಿಡ್ತಾನಾ? 'ಸರ್ಕೊಳ್ಳಿ, ಸರ್ಕೊಳ್ಳಿ' ಅಂತ ಒತ್ತುತ್ತಾನೆ. ಇಕ್ಕಟ್ಟು. ಸುಮಾರು ಆರು ಜನಕ್ಕೊಬ್ಬರು ಗ್ಯಾಡೊಲಿನಿಯಂ ಆಗೋ ಹೊತ್ತಿಗೆ ಸಮೇರಿಯಮ್ಮಂದಿರೂ ಒಟ್ಟಿಗೇ ಎದ್ದು ಚೀಲಗಳನ್ನ ಮೇಲಿಟ್ಟುಬಿಡ್ತಾರೆ. ಎಲ್ಲರೂ ಸಣ್ಣ, ಸೀಟೂ ಸಣ್ಣ. ಕಪ್ಪು ಹರಳು ಬಂಗಾರದ ಬಣ್ಣಕ್ಕೆ ತಿರುಗುತ್ತೆ."

"ಹಾಗೇ ಇರುತ್ತೋ?"

"ಸುಮ್ಮನೆ ಬಿಟ್ರೆ ಇರುತ್ತೆ. ವಿಪರೀತ ತಣ್ಣಗೆ ಮಾಡಿದ್ರೆ ಎಲ್ಲರಿಗೂ ಚೀಲದೊಳಗಿನ ಶಾಲು ನೆನಪಾಗುತ್ತೆ. ದಡಬಡ ಎದ್ದು ಚೀಲ ಇಳಿಸ್ಕೋತಾರೆ. ಮತ್ತೆ ದಪ್ಪ. ಸೀಟು ತಡೆಯುತ್ತಾ? ಟಪ್ ಅಂತ ಸಿಡಿದು ಕಪ್ಪು ಪುಡಿ."

ಅತ್ತೆ ಕೈ ಸೊಂಟಕ್ಕೇರಿಸಿದ್ದರು. "ಇದಕ್ಕೆ ಇಷ್ಟು ವರ್ಷ ಓದಬೇಕಾ? ಬಸ್ ಸ್ಟ್ಯಾಂಡಲ್ಲಿ ನಿಂತ್ಕೊಂಡಿದ್ರೆ ಸಾಕಾಗಿತ್ತಲ್ಲ!"

ಇಷ್ಟೇ ಆಗಿದ್ದರೆ ಕಥೆಯೇ ಇರುತ್ತಿರಲಿಲ್ಲ. ಈ ಹರಳಿನಲ್ಲಿ ಒಂದು ಕಿತಾಪತಿ ಇತ್ತು. ಗ್ಯಾಡೊಲಿನಿಯಂ ಇಲ್ಲದ, ಇದ್ದರೂ ಸಾಲದ ಕಪ್ಪು ಹರಳನ್ನು ಉಜ್ಜುಗಾಗದದ ಮೇಲಿಟ್ಟು ಗಟ್ಟಿಯಾಗಿ ತಿಕ್ಕಿದರೂ ಅದರ ಮೈ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ತಿಕ್ಕಿದ ಒತ್ತಡಕ್ಕೆ ಮೇಲಿನ ಪದರದ ಅಮ್ಮಂದಿರು ಮಾತ್ರ ಚೀಲ ಮೇಲಿಡುತ್ತಾರೆ. ಬಣ್ಣ ಚರ್ಮದಷ್ಟೇ ಆಳ. ಒಡೆದರೆ ಒಳಗೆ ಅದೇ ಕಪ್ಪು. ಈ ಕಸುಬಿನವರಿಗೆಲ್ಲ ಇದು ಗೊತ್ತು. ಗೊತ್ತಿರುವುದರಿಂದಲೇ ಯಾರ ಹರಳು ಹೊಳೆದರೂ ಅನುಮಾನ.

ಗೊತ್ತಿರುವುದು ಎಂದಾಗ ವಿಭಾಗದ ಮುಖ್ಯಸ್ಥರ ವಿಚಾರಕ್ಕೆ ಬರಲೇಬೇಕು. ಎದುರಿನವರು ವಾಕ್ಯ ಆರಂಭಿಸಿದರೆ ಕ್ರಿಯಾಪದ ಬರುವ ಮೊದಲೇ "ಗೊತ್ತು ಬಿಡಿ" ಎನ್ನುತ್ತಿದ್ದರು ಅವರು. ಹಾಗಾಗಿ ಬೆನ್ನ ಹಿಂದೆ ಎಲ್ಲರಿಗೂ ಅವರು ಗೊತ್ತುಬಿಡಿ ಸಾಹೇಬರು. ಗೊತ್ತಿಲ್ಲದ ಮನುಷ್ಯರೂ ಅಲ್ಲ. ವಯಸ್ಸಿನಲ್ಲಿ ಯಿಟರ್ಬಿಯಂ, ಇಂಡಿಯಂ, ತಾಮ್ರ ಕೂಡಿದ ಲೋಹಸಂಯುಕ್ತವೊಂದರಲ್ಲಿ ಇಂಡಿಯಂ ಜಾಗಕ್ಕೆ ಚೂರು ಬೆಳ್ಳಿ ಕೂರಿಸಿ, ವೇಲೆನ್ಸಿ ಬದಲಾಗುವ, ಅಂದರೆ ಚೀಲ ಇಳಿಸಿ ಏರಿಸುವ, ತಾಪಮಾನವನ್ನು ಎಷ್ಟೋ ಮೇಲಕ್ಕೆ ಎತ್ತಿ ತೋರಿಸಿದ್ದವರು. ಆಮೇಲೆ ತಾಪಮಾನ ಇಳಿಯಿತು, ಅವರು ಮಾತ್ರ ಇಳಿಯಲಿಲ್ಲ.

ಆ ದಿನ ವಾರದ ಸಭೆಯಲ್ಲಿ ಕೆಂಡ ತನ್ನ ಬಂಗಾರದ ಹರಳುಗಳ ಬಗ್ಗೆ ಹೇಳಬೇಕಿತ್ತು. ಅದಕ್ಕೆ ಮೊದಲು ಸಾಹೇಬರು ಪಾಲಿಶ್ ಕೋಣೆಗೆ ಹೊಕ್ಕು, ಗಾಜಿನ ಬಿಲ್ಲೆಗೆ ಮೇಣದಲ್ಲಿ ಅಂಟಿಸಿಟ್ಟಿದ್ದ ಒಂದು ಹರಳನ್ನು ಕಿತ್ತು ಜೇಬಿಗೆ ಹಾಕಿಕೊಂಡಿದ್ದರು. ಯಾರನ್ನೂ ಕೇಳಲಿಲ್ಲ. ಬಿಲ್ಲೆಯ ಹಿಂದೆ ಅವಳು ದಪ್ಪಕ್ಷರದಲ್ಲಿ 'ಹದಿನಾಲ್ಕು' ಎಂದು ಬರೆದಿದ್ದಳು, ತಿರುಗಿಸಿ ನೋಡಲಿಲ್ಲ. ಅದು ನೂರಕ್ಕೆ ಹದಿನಾಲ್ಕು ಪಾಲು ಗ್ಯಾಡೊಲಿನಿಯಂ ಇದ್ದ ಹರಳು, ಇನ್ನೂ ಕಪ್ಪಾಗಿಯೇ ಇರುವ ಜಾತಿ. ಮೈ ಸಪಾಟು ಮಾಡಲೆಂದು ಅವಳು ಅದನ್ನು ಉಜ್ಜಿದ್ದಳು, ಉಜ್ಜಿದ್ದಕ್ಕೆ ಮೇಲೆ ಹೊಳೆಯುತ್ತಿತ್ತು. ಅವಳು ಸಭೆಯಲ್ಲಿ ತೋರಿಸಲಿದ್ದದ್ದು ಬೇರೆಯೇ, ಹದಿನಾರು ಪಾಲಿನದು. ಅದನ್ನು ಉಜ್ಜುಗಾಗದದ ಹತ್ತಿರಕ್ಕೂ ಬಿಟ್ಟಿರಲಿಲ್ಲ.

ಅವಳು ಮೊದಲ ಚಿತ್ರ ತೆರೆಯುವಷ್ಟರಲ್ಲಿ ಸಾಹೇಬರು ಜೇಬಿನಿಂದ ಹರಳು ತೆಗೆದು ಮೇಜಿನ ಮೇಲಿಟ್ಟರು.

"ಇದು ನಿಮ್ಮದೇ ತಾನೇ?"

"ನನ್ನದೇ ಸರ್, ಆದ್ರೆ ಅದು..."

"ಗೊತ್ತು ಬಿಡಿ." ಬ್ಲೇಡು ಇಟ್ಟು, ಅದರ ಬೆನ್ನ ಮೇಲೆ ಪುಟ್ಟ ಸುತ್ತಿಗೆಯಿಂದ ಒಂದೇ ಏಟು. ಹರಳು ಎರಡಾಯಿತು. ಒಳಗೆ ಇದ್ದಿಲಿನಂಥ ಕಪ್ಪು. ಸಾಹೇಬರು ಎರಡು ಚೂರುಗಳನ್ನೂ ಅಂಗೈಯಲ್ಲಿಟ್ಟು ಮೇಜಿನ ಸುತ್ತ ಒಂದು ಸುತ್ತು ಬಂದರು. "ಇದಕ್ಕೇನಂತೀರಿ?"

"ಸರ್, ಅದು ಹದಿನಾಲ್ಕರ ಹರಳು. ಅದು ಕಪ್ಪೇ. ಪಾಲಿಶ್ ಮಾಡಿದ್ದಕ್ಕೆ ಮೇಲೆ..."

"ಕೇಳಿದ್ರಾ?" ಸಾಹೇಬರು ಎಲ್ಲರತ್ತ ತಿರುಗಿದರು. "ಅವರ ಬಾಯಲ್ಲೇ ಬಂತು. ಪಾಲಿಶ್ ಮಾಡಿದ್ದು!"

ಕೋಣೆಯಲ್ಲಿ ಯಾರೋ ಕೆಮ್ಮಿದರು. ಯಾರೋ ಪೆನ್ನಿನ ಮುಚ್ಚಳ ತೆಗೆದು ಹಾಕಿದರು. ಕೆಂಡಳ ಕಿವಿ ಕಾದು ಹೋಯಿತು. ಸುಳ್ಳು ಹೇಳಿ ಸಿಕ್ಕಿಬಿದ್ದರೆ ನಾಚಿಕೆಯಾಗುತ್ತದೆ, ಅದು ಹೋಗಲಿ. ನಿಜ ಹೇಳಿ, ಆ ನಿಜವನ್ನೇ ಅರ್ಧಕ್ಕೆ ಕತ್ತರಿಸಿ ತನ್ನ ಕೊರಳಿಗೆ ಹಾರ ಮಾಡಿ ಹಾಕಿದರೆ ಏನು ಮಾಡುವುದು?

"ಹದಿನಾರರ ಹರಳು ಒಡೆದು ನೋಡಿ ಸರ್. ಒಳಗೂ ಬಂಗಾರದ ಬಣ್ಣವೇ ಇರುತ್ತೆ."

"ಒಡೆಯುವಾಗ ಬ್ಲೇಡು ತಿಕ್ಕುತ್ತೆ, ತಿಕ್ಕಿದ್ದಕ್ಕೆ ಬಣ್ಣ ಬಂತು ಅಂತ ನಾನು ಹೇಳ್ಬೇಕಾಗುತ್ತೆ. ಬೇಡ. ಆ ಡಬ್ಬಿ ಇಲ್ಲಿ ಕೊಡಿ."

ಡಬ್ಬಿ ಅವರ ಕೈಸೇರಿತು. ಅದರಲ್ಲಿದ್ದದ್ದು ಹದಿನಾರರ ಕಟ್ಟಕಡೆಯ ಹರಳು, ಕಡಲೆಕಾಳಿಗಿಂತ ತುಸು ದೊಡ್ಡದು. ಅದಕ್ಕಿಂತ ಮುಂಚೆ ಒಂದು ಮೂಸೆ ಬಿರುಕು ಬಿಟ್ಟಿತ್ತು, ಇನ್ನೊಂದರಲ್ಲಿ ಗಂಧಕ ಸೋರಿ ಇಡೀ ಮಹಡಿ ಮೂಗು ಮುಚ್ಚಿಕೊಂಡಿತ್ತು. ಆಮೇಲೆ ಹುಟ್ಟಿದ ಹರಳಿದು. ಅದೇ ಸಭೆಯಲ್ಲಿ ಅವಳ ಕುಲುಮೆಯ ಸರದಿಯನ್ನೂ ಕಿತ್ತು, ಅಯಸ್ಕಾಂತಗಳ ಮೇಲೆ ಕೆಲಸ ಮಾಡುವ ಹುಡುಗನಿಗೆ ಕೊಟ್ಟಾಯಿತು. ಅವನು ಪಾಪ, ಬೇಡ ಎನ್ನಲೂ ಆಗದೆ ಬೇಕು ಎನ್ನಲೂ ಆಗದೆ ಎರಡೂ ಧ್ರುವಗಳ ನಡುವೆ ಸಿಕ್ಕಿಕೊಂಡ.

ಮರುದಿನ ಅವಳು ಸಾಹೇಬರ ಕೋಣೆಗೆ ಹೋದಳು. ಹಿಂದೆ ತಣ್ಣಗೆ ಮಾಡಿ ಅಳೆಯುವಾಗ ಸಿಡಿದ ಹರಳುಗಳ ಗ್ರಾಫು ತೋರಿಸಿದಳು. ಗೆರೆ ಒಂದು ತಾಪಮಾನಕ್ಕೆ ಬಂದು ಫಟ್ಟನೆ ನಿಂತುಹೋಗಿತ್ತು.

"ಅಳೆಯೋ ತಂತಿ ಕಿತ್ತು ಬಂದಿರುತ್ತೆ," ಎಂದರು.

ಸಿಡಿದ ಹರಳಿನ ಪುಡಿ ತುಂಬಿದ ಸೀಸೆ ತೋರಿಸಿದಳು.

"ಕಪ್ಪು. ನಾನು ಹೇಳ್ತಿರೋದೂ ಅದೇ ಅಲ್ವಾ?"

ಏನು ತೋರಿಸಿದರೂ ಅವರದ್ದೇ ಗೆಲುವು! ಕೆಂಡ ಕೊನೆಯ ಮಾತು ಕೇಳಿದಳು. "ಸರ್, ನಿಜವಾದದ್ದಾದ್ರೆ ದ್ರವ ನೈಟ್ರೋಜನ್‌ನಲ್ಲಿ ಮುಳುಗಿಸಿದ್ರೆ ಸಿಡಿಯುತ್ತೆ. ಉಜ್ಜಿದ್ದಾದ್ರೆ ಏನೂ ಆಗಲ್ಲ. ಇದು ನಿಮಗೂ ಒಪ್ಪಿಗೆ ತಾನೇ?"

"ಅದು ಎಲ್ಲರಿಗೂ ಗೊತ್ತಿರೋದೇ."

"ಹಾಗಾದ್ರೆ ನೀವೇ ಮುಳುಗಿಸಿ ನೋಡಿ. ನಿಮ್ಮ ಕೈಯಾರೆ."

"ಇಂಥದ್ದಕ್ಕೆಲ್ಲ ಸುರಿಯೋದಕ್ಕೆ ನನ್ನ ಹತ್ರ ನೈಟ್ರೋಜನ್ ಇಲ್ಲಮ್ಮ."

ಈ ಮಾತು ಮಾತ್ರ ಅವಳ ಎದೆಯಲ್ಲಿ ಮುಳ್ಳಿನಂತೆ ನಿಂತುಬಿಟ್ಟಿತು. ಏಕೆಂದರೆ ವರ್ಷಕ್ಕೊಮ್ಮೆ ಸಂಶೋಧನಾಲಯದ ಬಾಗಿಲು ಊರಿಗೆಲ್ಲ ತೆರೆಯುವ ದಿನ ಇದೇ ಸಾಹೇಬರು ವೇದಿಕೆ ಹತ್ತಿ ಇದೇ ನೈಟ್ರೋಜನ್ನನ್ನು ನೀರಿನಂತೆ ಸುರಿಯುತ್ತಿದ್ದರು. ಗುಲಾಬಿ ಮುಳುಗಿಸಿ ಪುಡಿ ಮಾಡುವುದು, ರಬ್ಬರ್ ಚೆಂಡು ಮುಳುಗಿಸಿ ಗೋಡೆಗೆಸೆದು ಒಡೆಯುವುದು, ಹೆಪ್ಪುಗಟ್ಟಿದ ಬಾಳೆಹಣ್ಣಿನಿಂದ ಹಲಗೆಗೆ ಮೊಳೆ ಹೊಡೆಯುವುದು. ಬಾಳೆಹಣ್ಣಿಗಿದೆ, ಚೆಂಡಿಗಿದೆ, ಒಬ್ಬಳ ಹೆಸರು ತೊಳೆಯಲು ಒಂದು ಲೋಟ ಇಲ್ಲ!

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತೇನೋ. ಸಾಹೇಬರು ಆ ಹದಿನಾರರ ಹರಳನ್ನು ಒಂದು ಪುಟ್ಟ ಗಾಜಿನ ಬಟ್ಟಲಲ್ಲಿಟ್ಟು ತಮ್ಮ ಮೇಜಿನ ಮೇಲೆ ಪ್ರತಿಷ್ಠಾಪಿಸಿದರು. ರಜೆ ಕೇಳಲು ಬಂದವರಿಗೂ ರುಜು ಕೇಳಲು ಬಂದವರಿಗೂ ಅದನ್ನು ತೋರಿಸಿ, "ನೋಡಿ, ಉಜ್ಜಿದ ಚಿನ್ನ. ಮೇಲೆ ಥಳಕು, ಒಳಗೆ ಮಸಿ. ವಿಜ್ಞಾನದಲ್ಲಿ ಹೀಗೆ ಮಾಡಬಾರದು," ಎಂದು ಪಾಠ ಹೇಳತೊಡಗಿದರು. ಚಹಾದ ಹೊತ್ತಿನಲ್ಲಿ ಕೆಂಡ ಬಂದರೆ ಮಾತು ಹವಾಮಾನಕ್ಕೆ ತಿರುಗುತ್ತಿತ್ತು. ಒಬ್ಬ ಪುಣ್ಯಾತ್ಮ, "ನನ್ನ ಶೂ ಒಂಚೂರು ಉಜ್ಜಿಕೊಡ್ತೀಯಾ, ಬಂಗಾರ ಆಗ್ಲಿ," ಎಂದು ತಮಾಷೆ ಮಾಡಿದ. ಅವಳು ನೋಡಿದ ನೋಟಕ್ಕೆ ಅವನ ಕೈಯ ಚಹಾ ಮತ್ತೆ ಕುದಿಯುವುದೊಂದು ಬಾಕಿ. ನಿರ್ದೇಶಕರಿಗೆ ದೂರು ಹೇಳಿದ್ದಾಯಿತು. "ಅವರು ಹಿರಿಯರು, ಒಳಗೇ ಕೂತು ಮಾತಾಡ್ಕೊಳ್ಳಿ" ಎಂಬ ಉತ್ತರವೂ ಬಂದಾಯಿತು.

ಆ ಸಂಜೆ ಮನೆಯಲ್ಲಿ ಅವಳು ತಟ್ಟೆಯ ಮುಂದೆ ಕೂತು ಇದನ್ನೆಲ್ಲ ಹೇಳಿದಳು. ಗಂಡ, "ಹೋಗ್ಲಿ ಬಿಡು, ಅವರ ಹತ್ರ ಒಂದ್ಸಲ ಮೆತ್ತಗೆ ಮಾತಾಡು. ಇನ್ನೊಂದು ಹರಳು ಬೆಳೆಸಿದ್ರಾಯ್ತು," ಎಂದ.

"ಎಲ್ಲಿ ಬೆಳೆಸ್ಲಿ? ನಿನ್ನ ತಲೆ ಮೇಲೆ? ಕುಲುಮೇನೇ ಕಿತ್ಕೊಂಡಿದ್ದಾರೆ!"

"ನೀನು ಸುಮ್ಮನಿರೋ," ಎಂದು ಅತ್ತೆ ಮಗನ ಬಾಯಿ ಮುಚ್ಚಿಸಿದರು. ಅವರ ಮೂಗಿನ ಹೊಳ್ಳೆ ಅರಳಿತ್ತು. "ಬೈದದ್ದು ಎಲ್ಲರ ಮುಂದೆ, ಸಮಾಧಾನ ಮಾತ್ರ ಕೋಣೆ ಬಾಗಿಲು ಹಾಕ್ಕೊಂಡಾ? ಇದ್ಯಾವ ಸೀಮೆ ನ್ಯಾಯ? ನನ್ನ ಮೈದಾನದಲ್ಲಿ ಯಾರಾದ್ರೂ ಮಗೂನ ಸುಳ್ಳೇ ಮೋಸಗಾರ ಅಂದಿದ್ರೆ, ಅದೇ ಮೈದಾನದ ನಡುವೆ ನಿಲ್ಲಿಸಿ ವಾಪಸ್ ಹೇಳಿಸ್ತಿದ್ದೆ. ಎಲ್ಲಿ ಚೆಲ್ಲಿದ್ರೋ ಅಲ್ಲೇ ಬಳೀಬೇಕು."

ಕೆಂಡ ಊಟ ಮುಗಿಸಿ ಕೈ ತೊಳೆಯುವ ಹೊತ್ತಿಗೆ ಅವಳಿಗೆ ಒಂದು ಸ್ಪಷ್ಟವಾಗಿತ್ತು. ಹರಳು ವಾಪಸ್ ಬೇಕಿಲ್ಲ. ಬೇಕಾದ್ದು ಹೆಸರು, ಅದೂ ಎಲ್ಲರ ಮುಂದೆ, ಅದೂ ಅವರ ಬಾಯಿಂದ.

ಟೇಪು ಸಿಕ್ಕಿದ್ದು ಮರುದಿನ ಕ್ಯಾಂಟೀನಿನಲ್ಲಿ. ಟೇಪು ಎಂದರೆ ಅವಳಿಗಿಂತ ಕಿರಿಯ ಸಂಶೋಧಕ, ತಣ್ಣನೆಯ ಪ್ರಯೋಗಗಳವನು. ಯಾರ ದನಿ ಕೇಳಿದರೂ ಹಾಗೇ ಒಪ್ಪಿಸುವ ಗಂಟಲು. ಮನುಷ್ಯರದ್ದಿರಲಿ, ಒಮ್ಮೆ ನಿರ್ವಾತ ಪಂಪು ಕೆಟ್ಟು ನರಳುವ ಸದ್ದು ಮಾಡಿ, ಅದನ್ನು ರಿಪೇರಿ ಮಾಡುವವರನ್ನು ಮೂರು ಮಹಡಿ ಓಡಿಸಿದ್ದ. ತೆರೆದ ಬಾಗಿಲಿನ ದಿನಕ್ಕೆ ನೈಟ್ರೋಜನ್ ತುಂಬಿಸಿಕೊಡುವುದು ಅವನ ಪಾಲಿನ ಕೆಲಸ.

"ಹ್ಞೂಂ... ಹ್ಞೂಂ..." ಎಂದು ಅವನು ಗಂಟಲು ಸರಿಮಾಡಿಕೊಂಡ. ಕೆಂಡ ಬೆಚ್ಚಿ ಹಿಂದಕ್ಕೆ ತಿರುಗಿದಳು. ಅಲ್ಲಿ ನಿರ್ದೇಶಕರಿರಲಿಲ್ಲ. "ಅಂದರೆ ಏನಮ್ಮಾ... ಹ್ಞೂಂ... ಮುಖ ಯಾಕೆ ಹೀಗೆ ಆಕ್ಸೈಡು ಹಿಡಿದ ಹಾಗಿದೆ?"

ಅವಳು ನಗಲಿಲ್ಲ. ಅವನನ್ನೇ ದಿಟ್ಟಿಸಿದಳು. ಟೇಪು ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದ.

"ಅಕ್ಕಾ, ಯಾಕೆ ಹಾಗೆ ನೋಡ್ತಿದೀಯ?"

"ಈ ದನೀಲಿ ಇಂಟರ್‌ಕಾಮ್‌ನಲ್ಲಿ ಮಾತಾಡಿದ್ರೆ ಗೊತ್ತಾಗುತ್ತಾ?"

"ನಿರ್ದೇಶಕರ ಹೆಂಡ್ತಿಗೇ ಗೊತ್ತಾಗಲ್ಲ. ಯಾಕೆ?"

ಅವಳು ಹೇಳಿದಳು. ಟೇಪುವಿನ ಮುಖದ ಮೇಲೆ ಮೊದಲು ಹೆದರಿಕೆ ಬಂತು, ಆಮೇಲೆ ಹಿಗ್ಗು ಬಂತು, ಎರಡೂ ಸೀಟಿಗಾಗಿ ಜಗಳವಾಡಿ ಕೊನೆಗೆ ಹಿಗ್ಗು ಕೂತುಕೊಂಡಿತು.

"ಆದ್ರೆ ಅಕ್ಕಾ, ಅದೊಂದೇ ಹರಳಲ್ವಾ ಉಳಿದಿರೋದು? ಸಿಡಿದ್ರೆ ಪುಡಿ."

"ಸಾಹೇಬರ ಮೇಜಿನ ಮೇಲೆ ಕಳ್ಳಮಾಲು ಅಂತ ಕೂತಿರೋದಕ್ಕಿಂತ ಪುಡಿಯಾಗೋದು ವಾಸಿ."

"ಸಿಡೀದೆ ಹೋದ್ರೆ?"

ಹದಿನಾರು ಎನ್ನುವುದು ಅಂಚಿನ ಲೆಕ್ಕ. ಈ ಹರಳು ಹುಟ್ಟಿದ ಮೂಸೆಯ ಬೇರೆ ಹರಳುಗಳಲ್ಲಿ ಒಂದು ತಣ್ಣಗಾದಾಗ ಸಿಡಿದಿರಲಿಲ್ಲ. ಬರೀ ಸೀಳಿ, ಅಲ್ಲಲ್ಲಿ ಕಪ್ಪಾಗಿ ಸುಮ್ಮನಾಗಿತ್ತು. ಇದೂ ಹಾಗೆ ಮಾಡಿದರೆ, ಸಾಹೇಬರ ಮಾತಿಗೆ ಊರೆಲ್ಲ ಸಾಕ್ಷಿ. ಸಾಕ್ಷಿ ಕರೆಸಿದವಳು ಇವಳೇ.

"ಸಿಡೀದೆ ಹೋದ್ರೆ ಅವರು ಹೇಳಿದ್ದೇ ಸರಿ ಅಂತಾಗುತ್ತೆ. ಆಮೇಲೆ ಈ ಕಟ್ಟಡದಲ್ಲಿ ನಾನಿರಲ್ಲ. ನೀನು ಫೋನ್ ಮಾಡು."

ಇಬ್ಬರೂ ಪಂಪುಗಳ ಕೋಣೆಗೆ ಹೋದರು. ಟೇಪು ಇಂಟರ್‌ಕಾಮ್ ಎತ್ತಿ, ಬೆನ್ನು ಬಾಗಿಸಿ, ಇಲ್ಲದ ಹೊಟ್ಟೆಯನ್ನು ಮುಂದಕ್ಕೆ ತಂದು ನಿಂತ. ದನಿಗೆ ಹೊಟ್ಟೆ ಬೇಕು ಎಂಬುದು ಅವನ ಸಿದ್ಧಾಂತ.

"ಹ್ಞೂಂ... ನಾನು ಮಾತಾಡ್ತಿರೋದು. ಅಂದರೆ ಏನು, ನಾಳೆ ನಿಮ್ಮ ಪ್ರದರ್ಶನ... ಹ್ಞೂಂ... ನಿಮ್ಮ ಮೇಜಿನ ಮೇಲೆ ಅದೇನೋ ಉಜ್ಜಿದ ಹರಳು ಇದೆಯಂತಲ್ಲ. ಅದನ್ನೂ ಮುಳುಗಿಸಿ ತೋರಿಸಿ. ನಿಜವಾದದ್ದಕ್ಕೂ ಸುಳ್ಳಿಗೂ ಏನು ವ್ಯತ್ಯಾಸ, ಅಂದರೆ ಏನು, ಮಕ್ಕಳಿಗೆ ಒಂದು ಪ್ರಾಮಾಣಿಕತೆಯ ಪಾಠ..."

"ಗೊತ್ತು ಬಿಡಿ ಸರ್," ಎಂದಿತು ಆ ಕಡೆಯ ದನಿ. "ನಾನೂ ಅದನ್ನೇ ಯೋಚನೆ ಮಾಡ್ಕೊಂಡು ಕೂತಿದ್ದೆ."

ಟೇಪು ಫೋನು ಇಟ್ಟು ಗೋಡೆಗೊರಗಿದ. ಕೆಂಡಳಿಗೆ ಸಮಾಧಾನವಾಗಲಿಲ್ಲ, ಇನ್ನಷ್ಟು ಕೋಪ ಬಂತು. ಅವಳು ಎಷ್ಟು ಸಲ ಬೇಡಿಕೊಂಡಳು! ಅವಳ ಬಾಯಿಂದ ಬಂದಾಗ ನೈಟ್ರೋಜನ್ ಇರಲಿಲ್ಲ. ಅದೇ ಮಾತು ಒಂದು ಕೆಮ್ಮು ಸೇರಿಸಿಕೊಂಡು ಮೇಲಿನಿಂದ ಬಂದರೆ, ಕೂಡಲೇ ಅದು ಅವರದ್ದೇ ಯೋಚನೆ. ಕಳ್ಳದನಿಗೆ ಸಿಕ್ಕ ಕಿವಿ ಅವಳ ಸ್ವಂತ ದನಿಗೆ ಯಾಕೆ ಸಿಗಲಿಲ್ಲ?

ಮರುದಿನ ಸಭಾಂಗಣ ತುಂಬಿತ್ತು. ಶಾಲೆ ಕಾಲೇಜುಗಳ ಮಕ್ಕಳು, ಅವರ ಮೇಷ್ಟ್ರುಗಳು, ನೌಕರರ ಮನೆಯವರು. ಮುಂದಿನ ಸಾಲಿನಲ್ಲಿ ನಿರ್ದೇಶಕರು. ಹಿಂದಿನ ಸಾಲಿನಲ್ಲಿ ಅತ್ತೆ, ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು. ವಾರದ ಸಭೆಯಲ್ಲಿದ್ದವರೆಲ್ಲ ಗೋಡೆಯುದ್ದಕ್ಕೂ ನಿಂತಿದ್ದರು. ಕೆಂಡ ವೇದಿಕೆಯ ಮೆಟ್ಟಿಲ ಪಕ್ಕ, ಕೋಟಿನ ಜೇಬಿನಲ್ಲಿ ಎರಡೂ ಮುಷ್ಟಿ.

ಸಾಹೇಬರು ಬಿಳಿ ಕೋಟು, ದೊಡ್ಡ ಕನ್ನಡಕದಂಥ ಕಣ್ಣಿನ ಗುರಾಣಿ ಹಾಕಿಕೊಂಡು ಬಂದರು. ಒಪ್ಪಿಕೊಳ್ಳಬೇಕು, ವೇದಿಕೆಯ ಮೇಲೆ ಆ ಮನುಷ್ಯ ಬೇರೆಯೇ. ಗುಲಾಬಿ ಗಾಜಿನಂತೆ ಪುಡಿಯಾಯಿತು, ಮಕ್ಕಳು ಓಹೋ ಎಂದರು. ಚೆಂಡು ಚೂರಾಯಿತು. ಬಾಳೆಹಣ್ಣು ಮೊಳೆ ಹೊಡೆಯಿತು. ಆಮೇಲೆ ಅವರು ಜೇಬಿನಿಂದ ಗಾಜಿನ ಬಟ್ಟಲು ತೆಗೆದು ಮೇಲೆತ್ತಿದರು.

"ಇದೇನು ಹೇಳಿ?"

"ಚಿನ್ನ!" ಎಂದರು ಮಕ್ಕಳು.

"ಎಲ್ಲರೂ ಮೋಸ ಹೋದ್ರಿ. ಇದು ಕಪ್ಪು ಹರಳು. ಯಾರೋ ಚೆನ್ನಾಗಿ ಉಜ್ಜಿದ್ದಾರೆ, ಅಷ್ಟೇ. ಉಜ್ಜದೆಯೇ, ಒಳಗಿನ ಪರಮಾಣುಗಳನ್ನ ಬದಲಾಯಿಸಿ ಈ ಬಣ್ಣ ತರಿಸಬಹುದು. ಆದರೆ ಅದಕ್ಕೆ ವರ್ಷಗಟ್ಟಲೆ ತಪಸ್ಸು ಬೇಕು. ಹಾಗೆ ಮಾಡಿದ ನಿಜವಾದ ಹರಳನ್ನ ಇದರಲ್ಲಿ ಮುಳುಗಿಸಿದರೆ, ಫಟ್! ಸಿಡಿದುಹೋಗುತ್ತೆ. ಸುಳ್ಳು ಹರಳಿಗೆ ಏನೂ ಆಗಲ್ಲ. ಸುಳ್ಳಿಗೆ ಚಳಿಯೇ ಇಲ್ಲ ನೋಡಿ!"

ಮಕ್ಕಳು ನಕ್ಕರು. ಗೋಡೆಯ ಬಳಿ ನಿಂತವರು ಕೆಂಡಳ ಕಡೆ ನೋಡಿ ನೋಡದಂತೆ ಮುಖ ತಿರುಗಿಸಿದರು. ವರ್ಷಗಟ್ಟಲೆ ತಪಸ್ಸು! ಆ ತಪಸ್ಸು ಮಾಡಿದವಳು ಇಲ್ಲೇ ಮೆಟ್ಟಿಲ ಬಳಿ ನಿಂತಿದ್ದಾಳಲ್ಲಯ್ಯಾ ಎಂದು ಕಿರುಚಬೇಕೆನಿಸಿತು ಅವಳಿಗೆ. ಹಲ್ಲು ಕಚ್ಚಿಕೊಂಡಳು.

ಸಾಹೇಬರು ಚಿಮಟದಲ್ಲಿ ಹರಳು ಹಿಡಿದು ಹೊಗೆಯಾಡುತ್ತಿದ್ದ ಗಾಜಿನ ಪಾತ್ರೆಗೆ ಇಳಿಸಿದರು. ನೈಟ್ರೋಜನ್ ಕೊತಕೊತ ಕುದಿಯಿತು. ಕುದಿತ ತಗ್ಗಿತು.

ಏನೂ ಆಗಲಿಲ್ಲ.

"ನೋಡಿದ್ರಾ?" ಸಾಹೇಬರು ಸಭೆಯತ್ತ ತಿರುಗಿ ಕೈ ಹರಡಿದರು.

ಟೇಪು ನೆಲ ನೋಡುತ್ತಿದ್ದ. ಅಂಚಿನ ಲೆಕ್ಕ. ಸೀಳಿ ಸುಮ್ಮನಾದ ಆ ಇನ್ನೊಂದು ಹರಳು ಕೆಂಡಳ ಕಣ್ಣ ಮುಂದೆ ಬಂತು.

"ಸುಳ್ಳು ಎಷ್ಟು ಆರಾಮಾಗಿ ಕೂತಿದೆ ಅಂತ ಹತ್ತಿರದಿಂದ ನೋಡೋಣ," ಎಂದು ಸಾಹೇಬರು ಪಾತ್ರೆಯ ಮೇಲೆ ಬಾಗಿ, ಚಿಮಟವನ್ನು ಸ್ವಲ್ಪ ಮೇಲೆತ್ತಿದರು.

ಟಪ್!

ಸದ್ದು ಪಟಾಕಿಯದಷ್ಟೇನಿರಲಿಲ್ಲ. ಆದರೆ ಕಪ್ಪು ಪುಡಿ ಬಿಳಿ ಆವಿಯ ಜೊತೆ ಬುಸ್ಸೆಂದು ಮೇಲೆದ್ದು ಸಾಹೇಬರ ಮುಖ, ಮೀಸೆ, ಕಾಲರು ಎಲ್ಲವನ್ನೂ ಒಂದೇ ಬಣ್ಣ ಮಾಡಿತು. ಚಿಮಟದ ತುದಿಯಲ್ಲಿ ಏನೂ ಉಳಿದಿರಲಿಲ್ಲ.

ಆಮೇಲೆ ಮಕ್ಕಳು ಬೆಂಚಿನ ಮೇಲೆ ಎದ್ದು ನಿಂತು ಚಪ್ಪಾಳೆ ಹೊಡೆದ ಹೊಡೆತಕ್ಕೆ ಸೂರು ಅದುರಿತು. ಗುಲಾಬಿಗೆ, ಚೆಂಡಿಗೆ, ಬಾಳೆಹಣ್ಣಿಗೆ, ಇಷ್ಟು ವರ್ಷಗಳಲ್ಲಿ ಯಾವುದಕ್ಕೂ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ.

ನಿರ್ದೇಶಕರು ಎದ್ದು ವೇದಿಕೆಯ ಹತ್ತಿರ ಬಂದರು. "ಅಂದರೆ ಏನು... ಹ್ಞೂಂ... ನಿಜವಾದದ್ದಾದ್ರೆ ಸಿಡಿಯುತ್ತೆ ಅಂತ ನೀವೇ ಈಗ ಹೇಳಿದ್ರಲ್ಲ?"

"ಸರ್, ನೀವೇ ತಾನೇ ನಿನ್ನೆ ಫೋನ್ ಮಾಡಿ ಇದನ್ನ ಮುಳುಗಿಸಿ ಅಂದದ್ದು?"

"ನಾನಾ? ನಾನೆಲ್ಲಿ ಫೋನ್ ಮಾಡಿದೆ?"

ಸಾಹೇಬರು ನಿರ್ದೇಶಕರನ್ನು ನೋಡಿದರು. ಗೋಡೆಯ ಬಳಿ ಸೂರಿನ ಫ್ಯಾನು ಎಣಿಸುತ್ತಿದ್ದ ಟೇಪುವನ್ನು ನೋಡಿದರು. ಕೊನೆಗೆ ಮೆಟ್ಟಿಲು ಹತ್ತಿ ಬಂದು ಎದುರಿಗೇ ನಿಂತಿದ್ದ ಕೆಂಡಳನ್ನು ನೋಡಿದರು.

"ಫೋನ್ ಮಾಡಿಸಿದ್ದು ನಾನು ಸರ್," ಎಂದಳು ಅವಳು. "ಅದಕ್ಕೆ ಏನು ಶಿಕ್ಷೆ ಬೇಕಾದ್ರೂ ಕೊಡಿ. ಮೊದಲು ಹರಳಿನ ವಿಚಾರ ಹೇಳಿ."

"ಒಳಗೆ ಬನ್ನಿ, ಕೂತು ಮಾತಾಡೋಣ," ಎಂದು ಸಾಹೇಬರು ಪಿಸುಗುಟ್ಟಿದರು.

"ಒಳಗೆ ಬೇಡ. ಅದರೊಳಗೇನಿತ್ತು ಅಂತ ಎಲ್ಲರೂ ಹೊರಗೇ ನೋಡಿಯಾಯ್ತು. ನೀವು ನನ್ನನ್ನ ಮೋಸಗಾತಿ ಅಂದಾಗ ಆ ಗೋಡೆ ಹತ್ರ ನಿಂತಿರೋರೆಲ್ಲ ಇದ್ರು. ಈಗ್ಲೂ ಇದ್ದಾರೆ."

ಸಾಹೇಬರು ಗೋಡೆಯುದ್ದಕ್ಕೂ ನಿಂತವರ ಮುಖಗಳನ್ನು ಒಂದೊಂದಾಗಿ ನೋಡಿದರು. ಈ ಸಲ ಯಾರೂ ಮುಖ ತಿರುಗಿಸಲಿಲ್ಲ. ಅವರು ಮೈಕಿನ ಕಡೆಗೆ ಹೋಗಿ ಏನೋ ಗೊಣಗಿದರು.

"ಹಿಂದಿನವರಿಗೆ ಕೇಳಿಸ್ಲಿಲ್ಲ!" ಸಭಾಂಗಣದ ಕೊನೆಯಿಂದ ಮೈಕೇ ಬೇಡದ ಒಂದು ದನಿ ಬಂತು. "ಬೆನ್ನು ನೆಟ್ಟಗೆ! ಕೈ ಜೇಬಿಂದ ಹೊರಗೆ! ಜೋರಾಗಿ!"

ಸಾಹೇಬರಿಗೆ ಅದು ಯಾರ ದನಿಯೆಂದು ಗೊತ್ತಿರಲಿಲ್ಲ. ಆದರೂ ಬೆನ್ನು ತಾನಾಗಿ ನೆಟ್ಟಗಾಯಿತು, ಕೈ ಜೇಬಿನಿಂದ ಹೊರಗೆ ಬಂತು.

"ಈ ಹರಳು ಉಜ್ಜಿದ್ದಲ್ಲ," ಎಂದರು, ಈಗ ಎಲ್ಲರಿಗೂ ಕೇಳಿಸುವಂತೆ. "ಒಳಗೂ ಹೊರಗೂ ಒಂದೇ ಆಗಿತ್ತು. ಇದನ್ನ ಬೆಳೆಸಿದ್ದು ಇವರು. ನಾನು ಪಾಲಿಶ್ ಕೋಣೆಯಿಂದ ಕೇಳದೆ ಎತ್ತಿಕೊಂಡು ಬಂದು ಒಡೆದದ್ದು ಬೇರೆ ಹರಳು. ಇವರು ಅದನ್ನ ಹೇಳಕ್ಕೆ ಬಂದ್ರು, ನಾನು ಕೇಳಲಿಲ್ಲ. ತಪ್ಪು ನನ್ನದು. ಕುಲುಮೆ ನಾಳೆಯಿಂದ ಮತ್ತೆ ಇವರದ್ದು."

ಅಯಸ್ಕಾಂತದ ಹುಡುಗ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ. ಕೆಂಡ ತಟ್ಟಿಸಿಕೊಳ್ಳುತ್ತಾ ನಿಂತಳು. ಕಣ್ಣು ಉರಿಯುತ್ತಿತ್ತು. ಕೋಪ ಇನ್ನೂ ಪೂರ್ತಿ ಆರಿರಲಿಲ್ಲ. ಇಷ್ಟು ಹೇಳಿಸಲು ಒಂದು ಹರಳು ಸಾಯಬೇಕಾಯಿತಲ್ಲ ಎಂದು ಹೊಸದಾಗಿ ಒಂದಿಷ್ಟು ಹುಟ್ಟಿಕೊಂಡಿತ್ತು ಕೂಡ.

ಆಗ ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಇನ್ನೊಂದ್ಸಲ ಮಾಡಿ ಸರ್! ಮುಖದ ಮೇಲೆ ಬರೋ ಹಾಗೇ!" ಎಂದು ಕೂಗಿದಳು.

ಸಾಹೇಬರು ಏನೋ ಹೇಳಲು ಗುರಾಣಿ ಕಳಚಿದರು. ಪಕ್ಕದಲ್ಲಿದ್ದ ಸ್ಟೀಲಿನ ಕ್ಯಾನಿನ ಮೈಯಲ್ಲಿ ಅವರ ಬಿಂಬ ಕಂಡಿತು. ಮುಖವೆಲ್ಲ ಮಸಿ, ಕಣ್ಣಿನ ಸುತ್ತ ಮಾತ್ರ ಎರಡು ದೊಡ್ಡ ಬಿಳಿ ವೃತ್ತ, ಗೂಬೆಯೊಂದು ಕೋಟು ಹಾಕಿಕೊಂಡು ಉಪನ್ಯಾಸಕ್ಕೆ ಬಂದ ಹಾಗೆ. ಅವರು ಕ್ಯಾನಿನ ಹತ್ತಿರ ಬಾಗಿದರು. ಎಡಕ್ಕೆ ತಿರುಗಿ ನೋಡಿದರು, ಬಲಕ್ಕೆ ತಿರುಗಿ ನೋಡಿದರು. ಭುಜ ಕುಲುಕತೊಡಗಿತು. ಮೊದಲು ಮೂಗಿನಲ್ಲಿ ಹೊರಟ ನಗು ಬಾಯಿಗೆ ಬಂತು, ಬಾಯಿಂದ ಹೊಟ್ಟೆಗಿಳಿಯಿತು. "ಇನ್ನೊಂದ್ಸಲ," ಎನ್ನಲು ಹೋಗಿ ಆಗದೆ ಕೆಂಡಳ ಕಡೆ ಕೈ ತೋರಿಸಿ, "ಇವರು... ಇವರು ಬೆಳೆಸ್ಬೇಕು..." ಎಂದು ಮೇಜು ಹಿಡಿದುಕೊಂಡರು. ಕೆಂಡಳ ತುಟಿಯೂ ಅವಳ ಮಾತು ಕೇಳದೆ ಸಡಿಲವಾಯಿತು. ಸಾಹೇಬರು ಬಾಗಿದ್ದಕ್ಕೆ ತಲೆಗೂದಲಿನಿಂದ ಇನ್ನಷ್ಟು ಕಪ್ಪು ಪುಡಿ ಅವರದೇ ಕೈಮೇಲೆ ಉದುರಿತು. ಅದನ್ನು ನೋಡಿ, ಮಕ್ಕಳ ಗದ್ದಲವೆಲ್ಲ ಮುಚ್ಚಿಹೋಗುವ ಹಾಗೆ, ಕಣ್ಣಲ್ಲಿ ನೀರು ಬರುವಷ್ಟು ಗಟ್ಟಿಯಾಗಿ ನಕ್ಕರು.